ಜಾರಿದ ಬರೆಯ ಮೇಲೆ ಎಲೆಮದ್ದು: ಅಕ್ಕಪಕ್ಕದ ಮನೆಯವರು ಕೂಡಿ ಕಲಿಯುವ ಬಗೆ

2018ರ ಆಗಸ್ಟ್ ಮಳೆಗೆ ಕೊಡಗಿನ ಮಡಿಕೇರಿ, ಸೋಮವಾರಪೇಟೆ ಕಡೆಯ ಎಷ್ಟೋ ತೋಟಗಳು ಗಿಡ, ಮರ, ಮಣ್ಣು ಎಲ್ಲ ಸೇರಿ ಕೊಲ್ಲಿಗೆ, ಅಂದರೆ ಗುಡ್ಡದ ಬುಡದ ತೊರೆಯ ತಗ್ಗಿಗೆ, ಇಳಿದವು. 2019ರಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ದೊಡ್ಡ ಕುಸಿತಗಳ ಹೆಸರು ನೆನಪಿನಲ್ಲಿ ಉಳಿಯುತ್ತದೆ. ಅರ್ಧ ಎಕರೆ, ಕಾಲು ಎಕರೆ ಜಾರಿದ ತೋಟಗಳ ಲೆಕ್ಕ ಆಯಾ ಮನೆಯವರಿಗೆ ಮಾತ್ರ ಗೊತ್ತು. ಅಲ್ಲಿ ಮೇಲ್ಮಣ್ಣು ಹೋಗಿ ಕೆಂಪು ಅಡಿಮಣ್ಣು ಬಾಯಿ ಬಿಟ್ಟುಕೊಂಡಿರುತ್ತದೆ. ಮತ್ತೆ ಕಾಫಿ ನೆಟ್ಟು ಮೊದಲ ಫಸಲು ನೋಡಲು ಮೂರು ನಾಲ್ಕು ವರ್ಷ ಬೇಕು. ಆ ನಡುವಿನ ವರ್ಷಗಳಲ್ಲಿ ಮಣ್ಣು ನಿಲ್ಲಿಸಿಕೊಳ್ಳುತ್ತ, ಮನೆಗೊಂದಿಷ್ಟು ಮದ್ದು, ಕೈಗೊಂದಿಷ್ಟು ಕಾಸು ಮಾಡಿಕೊಳ್ಳಲು ಔಷಧಿ ಗಿಡಗಳು ಆಗಿಬರುತ್ತವೆ. ಒಬ್ಬರೇ ಮಾಡುವುದಕ್ಕಿಂತ ಎಂಟು ಹತ್ತು ಮನೆಯವರು ಸೇರಿ ಕಲಿತರೆ ಕೆಲಸವೂ ಹಗುರ, ತಪ್ಪೂ ಕಡಿಮೆ.

ಎಲ್ಲಕ್ಕಿಂತ ಮೊದಲು ಒಂದು ಕಟ್ಟು, ಅಂದರೆ ಮೀರಬಾರದ ನಿಯಮ. ಜಾರಿದ ಬರೆಯಲ್ಲಿ, ಅಂದರೆ ಕುಸಿದ ಇಳಿಜಾರಿನಲ್ಲಿ, ಎಲೆ ಕೊಯ್ಯುವ ಗಿಡ ಬೆಳೆಯಿರಿ, ಬೇರು ಕೀಳುವ ಗಿಡ ಬೆಳೆಯಬೇಡಿ. ಶುಂಠಿ, ಕಸ್ತೂರಿ ಅರಿಶಿನ, ಸರ್ಪಗಂಧ, ಶತಾವರಿ ಇವೆಲ್ಲ ಒಳ್ಳೆಯ ಬೆಲೆಯ ಮದ್ದುಗಳೇ. ಆದರೆ ಕೊಯ್ಲೆಂದರೆ ಮಣ್ಣು ಅಗೆಯಲೇಬೇಕು. ಎರಡು ವರ್ಷ ಬೇರು ಹಿಡಿದು ನಿಂತ ಮಣ್ಣನ್ನು ಒಂದೇ ದಿನ ಸಡಿಲ ಮಾಡಿ, ಅದರ ಮೇಲೆ ಜುಲೈ ಮಳೆ ಸುರಿಯಲು ಬಿಟ್ಟಂತಾಗುತ್ತದೆ. ಆಡುಸೋಗೆ, ಲಕ್ಕಿ, ಮದ್ದುಸೊಪ್ಪು ಹಾಗಲ್ಲ. ಕತ್ತರಿಸಿದಷ್ಟೂ ಚಿಗುರುತ್ತವೆ, ಬೇರು ಇದ್ದಲ್ಲೇ ಇರುತ್ತದೆ. ಈ ಲೇಖನದ ಉಳಿದ ಎಲ್ಲ ಮಾತೂ ಈ ಕಟ್ಟಿನ ಮೇಲೆಯೇ ನಿಂತಿದೆ.

ಜಾಗ ನೋಡುವುದು

ಮಳೆಗಾಲದಲ್ಲಿ ಜಾರಿದ ಜಾಗಕ್ಕೆ ಕಾಲಿಡಬೇಡಿ. ಡಿಸೆಂಬರ್, ಜನವರಿಯಲ್ಲಿ ಮಣ್ಣು ಒಣಗಿದ ಮೇಲೆ ಹೋಗಿ, ಅದೂ ಇಬ್ಬರಿಗೆ ಕಡಿಮೆಯಿಲ್ಲದಂತೆ. ಮೊದಲು ನೋಡಬೇಕಾದ್ದು ಜಾರಿದ ಮುಖವನ್ನಲ್ಲ, ಅದರ ತಲೆಯ ಮೇಲಿನ ಜಾಗವನ್ನು. ಅಲ್ಲಿ ಅಡ್ಡಕ್ಕೆ ಬಿರುಕು ಇದೆಯೇ? ಸಿಲ್ವರ್ ಓಕ್ ಮರಗಳು ಒಂದೇ ಕಡೆಗೆ ವಾಲಿವೆಯೇ? ಹಿಂದೆ ಇಲ್ಲದ ಒರತೆ ಹುಟ್ಟಿದೆಯೇ, ಇದ್ದ ಒರತೆಯ ನೀರು ಕೆಂಪಾಗಿದೆಯೇ? ಇವುಗಳಲ್ಲಿ ಒಂದು ಕಂಡರೂ ಆ ಜಾಗ ಇನ್ನೂ ನಿಂತಿಲ್ಲ ಎಂದು ಅರ್ಥ. ಗಿಡ ನೆಡುವ ಯೋಚನೆ ಬಿಟ್ಟು ಪಂಚಾಯಿತಿಗೂ ತಹಶೀಲ್ದಾರರಿಗೂ ತಿಳಿಸಿ. ಯಾವ ಹುಲ್ಲಿನ ಬೇರೂ ಆಳದಿಂದ ಜಾರುವ ಗುಡ್ಡವನ್ನು ಹಿಡಿದು ನಿಲ್ಲಿಸಲಾರದು. ಬೇರು ತಡೆಯುವುದು ಮೇಲಿನ ನಾಲ್ಕೈದು ಅಡಿ ಮಣ್ಣಿನ ಕೊಚ್ಚಾಟವನ್ನು ಮಾತ್ರ.

ತಿಳಿಸಿದ ಮೇಲೆ, ಬಿರುಕು ಸಣ್ಣದು, ಜಾಗ ಗಟ್ಟಿಯೆಂದು ತಿಳಿದವರು ನೋಡಿ ಹೇಳಿದರೆ, ಬಿರುಕಿಗೆ ಜೇಡಿಮಣ್ಣು ತುಂಬಿ ಹಾರೆಯಿಂದ ಬಡಿದು ಮುಚ್ಚಿ. ಅದರ ಮೇಲ್ಗಡೆ ನೀರನ್ನು ಪಕ್ಕದ ಗಟ್ಟಿ ತೋಡಿಗೆ ತಿರುಗಿಸುವ ಒಂದು ಚರಂಡಿ ತೆಗೆಯಿರಿ. ಇಲ್ಲಿ ಹಲವರು ತಪ್ಪುವುದುಂಟು. ಕಾಫಿ ತೋಟದ ಅಭ್ಯಾಸದಂತೆ ನೀರು ಇಂಗಿಸುವ ತೊಟ್ಟಿಲು ಗುಂಡಿ ತೆಗೆದುಬಿಡುತ್ತಾರೆ. ಗಟ್ಟಿ ತೋಟದಲ್ಲಿ ಅದು ಒಳ್ಳೆಯದು. ಜಾರಿದ ಬರೆಯಲ್ಲಿ ಗುಂಡಿಯಲ್ಲಿ ನಿಂತ ನೀರು ಒಳಗಿಳಿದು ಮಣ್ಣನ್ನು ಭಾರ ಮಾಡುತ್ತದೆ, ಕಣಗಳ ಹಿಡಿತ ಸಡಿಲಿಸುತ್ತದೆ. ಅಲ್ಲಿ ನೀರು ಇಂಗಬಾರದು, ಮೆಲ್ಲಗೆ ಹರಿದು ಹೋಗಬೇಕು.

ಕೂಟ

ಎಂಟರಿಂದ ಹತ್ತು ಜನ ಸಾಕು. ಅದಕ್ಕಿಂತ ಹೆಚ್ಚಾದರೆ ಗಿಡದ ಸುತ್ತ ನಿಂತಾಗ ಹಿಂದಿನವರಿಗೆ ಎಲೆಯೇ ಕಾಣುವುದಿಲ್ಲ. ಕಾಫಿ ಕೊಯ್ಲು, ಮೆಣಸು ಕೊಯ್ಲು ಮುಗಿಯುವವರೆಗೆ ಯಾರಿಗೂ ಪುರುಸೊತ್ತಿರುವುದಿಲ್ಲ. ಹಾಗಾಗಿ ಮಾರ್ಚ್ ಕೊನೆಯಲ್ಲಿ ಆರಂಭಿಸಿ. ಹದಿನೈದು ದಿನಕ್ಕೊಮ್ಮೆ, ಸಂತೆಯಿಲ್ಲದ ದಿನ, ಎರಡು ಗಂಟೆ. ಪ್ರತಿ ಮನೆಗೂ ಒಂದೊಂದು ಗಿಡ ವಹಿಸಿ. ಆ ಮನೆಯವರು ವರ್ಷವಿಡೀ ಅದನ್ನೇ ನೋಡಬೇಕು: ಯಾವಾಗ ಚಿಗುರಿತು, ಯಾವಾಗ ಹೂವಾಯಿತು, ಯಾವ ಹುಳ ಬಿತ್ತು, ಎಷ್ಟು ಹಸಿ ಎಲೆ ಎಷ್ಟು ಒಣಗಿತು. ವರ್ಷದ ಕೊನೆಗೆ ಹತ್ತು ಗಿಡ ಎಲ್ಲರಿಗೂ ಗೊತ್ತಿರುತ್ತದೆ. ನೂರು ಗಿಡದ ಹೆಸರು ಬಾಯಿಪಾಠ ಮಾಡಿದವರಿಗಿಂತ ಈ ಹತ್ತು ಗಿಡ ಬಲ್ಲವರು ಮನೆಗೆ ಹೆಚ್ಚು ಆಗುತ್ತಾರೆ.

ಕೂಟಕ್ಕೆ ಹೊರಗಿನಿಂದ ಮೂರು ಬಗೆಯ ನೆರವು ಬೇಕು. ಗಿಡ ಗುರುತಿಸಲು ಸಸ್ಯಶಾಸ್ತ್ರ ಬಲ್ಲವರು. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದಂಥ ಕಡೆ ಮಾದರಿ ಹಿಡಿದುಕೊಂಡು ಹೋಗಿ ಕೇಳಬಹುದು. ಬಳಕೆಯ ಬಗ್ಗೆ ಹೇಳಲು ಓದಿದ ಆಯುರ್ವೇದ ವೈದ್ಯರು. ಹತ್ತಿರದ ಆಯುಷ್ ಆಸ್ಪತ್ರೆಯವರನ್ನು ಎರಡು ತಿಂಗಳಿಗೊಮ್ಮೆ ಬರುವಂತೆ ಕೇಳಿಕೊಳ್ಳಿ. ಮೂರನೆಯವರು ನಮ್ಮ ಕಾಡನ್ನೇ ಬಲ್ಲ ಹಿರಿಯರು. ಜೇನುಕುರುಬ, ಎರವ, ಕುಡಿಯ ಹಿರಿಯರಿಗೆ ಗೊತ್ತಿರುವಷ್ಟು ಗಿಡ ತೋಟದ ಮಾಲೀಕರಿಗೆ ಗೊತ್ತಿರುವುದಿಲ್ಲ. ಅವರನ್ನು ಕರೆದರೆ ಆ ದಿನದ ಕೂಲಿಗೆ ಕಡಿಮೆಯಿಲ್ಲದ ಗೌರವಧನ ಕೊಡಿ, ಹೇಳಿದವರ ಹೆಸರು ಪುಸ್ತಕದಲ್ಲಿ ಬರೆದಿಡಬಹುದೇ ಎಂದು ಕೇಳಿ ಬರೆಯಿರಿ, ಬರೆಯಬೇಡಿ ಎಂದದ್ದನ್ನು ಬರೆಯಬೇಡಿ. ಚಹಾ ಕೊಟ್ಟು ಮಾತಾಡಿಸಿ ತಿಳಿವಳಿಕೆ ಎತ್ತಿಕೊಂಡು ಹೋದವರನ್ನು ಅವರು ಬೇಕಾದಷ್ಟು ಕಂಡಿದ್ದಾರೆ.

ಗುರುತು: ಇಲ್ಲಿ ಅವಸರ ಸಲ್ಲ

ಕೊಡಗಿನಲ್ಲಿ ಒಂದೇ ಗಿಡಕ್ಕೆ ಕೊಡವ ತಕ್ಕ್‌ನಲ್ಲಿ ಒಂದು ಹೆಸರು, ಅರೆಭಾಷೆಯಲ್ಲಿ ಒಂದು, ಮಲಯಾಳದಲ್ಲಿ ಇನ್ನೊಂದು. ಒಂದೇ ಹೆಸರಿಗೆ ಎರಡು ಮೂರು ಗಿಡ ಇರುವುದೂ ಉಂಟು. ಆದ್ದರಿಂದ ಹೆಸರನ್ನು ನಂಬಬೇಡಿ, ಮಾದರಿಯನ್ನು ನಂಬಿ. ಹೂವೋ ಕಾಯಿಯೋ ಇರುವ ಕೊಂಬೆಯನ್ನು ಹಳೆಯ ಪತ್ರಿಕೆಯ ನಡುವೆ ಹರಡಿ, ಒಂದೆರಡು ಎಲೆ ಹಿಂಬದಿ ಕಾಣುವಂತೆ ತಿರುಗಿಸಿ, ಹಲಗೆಯ ಕೆಳಗಿಟ್ಟು ಭಾರ ಹೇರಿ. ಮೊದಲ ವಾರ ದಿನವೂ ಕಾಗದ ಬದಲಿಸಿ. ಬದಲಿಸದಿದ್ದರೆ ಎಲೆ ಕಪ್ಪಾಗಿ ಬೂಸ್ಟು ಹಿಡಿಯುತ್ತದೆ. ಒಣಗಿದ ಮೇಲೆ ದಪ್ಪ ಹಾಳೆಗೆ ಹೊಲಿದು, ಸಿಕ್ಕ ಜಾಗ, ತಾರೀಕು, ಎತ್ತರ, ನೆರಳೋ ಬಿಸಿಲೋ, ಹೂವಿನ ಬಣ್ಣ, ಊರಿನವರು ಕರೆಯುವ ಎಲ್ಲ ಹೆಸರು ಬರೆಯಿರಿ. ಹೂವಿನ ಬಣ್ಣ ಒಣಗಿದಾಗ ಮಾಸುತ್ತದೆ, ಹಾಗಾಗಿ ಕಿತ್ತ ದಿನವೇ ಬರೆಯಬೇಕು. ಈ ಕೆಲಸ ಮಾರ್ಚ್‌ನಿಂದ ಮೇ ತನಕ ಮುಗಿಸಿ. ಆಟಿ ಮಳೆಯಲ್ಲಿ ಕೊಡಗಿನ ಮನೆಯೊಳಗೆ ಚಪ್ಪಲಿಗೂ ಬೂಸ್ಟು ಬರುತ್ತದೆ.

ತಪ್ಪು ಆಗುವ ಜೋಡಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಮಾತ್ರ ಕಣ್ಣಿಗೆ ಕೂರುತ್ತದೆ.

ಅಮೃತಬಳ್ಳಿಯ ಕಾಂಡದ ಹೊರಪದರ ತೆಳು ಕಾಗದದಂತೆ ಸುಲಿಯುತ್ತದೆ, ಒಳಗೆ ಹಸಿರು. ಅದರ ಹತ್ತಿರದ ಇನ್ನೊಂದು ಬಳ್ಳಿಯ ಕಾಂಡದ ತುಂಬ ನರೂಲಿಯಂಥ ಗಂಟುಗಳಿರುತ್ತವೆ, ಮುರಿದರೆ ಹಾಲಿನಂಥ ರಸ ಬರುತ್ತದೆ. ಇದು ಮದ್ದಿನ ಅಮೃತಬಳ್ಳಿಯಲ್ಲ. ಹೃದಯದ ಆಕಾರದ ಎಲೆ ಮಾತ್ರ ನೋಡಿ ಕಿತ್ತರೆ ಮೋಸ ಹೋಗುತ್ತೀರಿ.

ನೆಲನೆಲ್ಲಿಯಲ್ಲೂ ಹೀಗೆ. ಮದ್ದಿಗೆ ಬಳಸುವುದರ ಕಾಯಿ ನುಣುಪು, ಸಣ್ಣ ತೊಟ್ಟಿನಲ್ಲಿ ಎಲೆಯ ಅಡಿ ತೂಗುತ್ತದೆ, ಕಾಂಡ ಹಸಿರು. ಇನ್ನೊಂದರ ಕಾಯಿ ತರಿತರಿ, ತೊಟ್ಟಿಲ್ಲದೆ ಕಡ್ಡಿಗೆ ಅಂಟಿಕೊಂಡಿರುತ್ತದೆ, ಕಾಂಡಕ್ಕೆ ಕೆಂಪು ಛಾಯೆ. ಕೈಮಸೂರ ಒಂದಿದ್ದರೆ ನಿಮಿಷದ ಕೆಲಸ.

ಗೌರಿ ಹೂವಿನ ಗೆಡ್ಡೆಯನ್ನು ಕಾಡುಗೆಣಸೆಂದು ತಿಳಿದು ಬೇಯಿಸಿದರೆ ಪ್ರಾಣಕ್ಕೇ ಅಪಾಯ. ಅದರಲ್ಲಿರುವ ಕಾಲ್ಚಿಸಿನ್ ಎಂಬ ವಿಷ ಬೇಯಿಸಿದರೂ ಹೋಗುವುದಿಲ್ಲ. ಎಲೆಯ ತುದಿ ಸುರುಳಿಯಾಗಿ ಬಳ್ಳಿಯ ಕೈಯಾಗಿದ್ದರೆ ಅದು ಗೌರಿ ಹೂ, ಮುಟ್ಟಬೇಡಿ. ಉಮ್ಮತ್ತಿ, ಕಣಗಿಲೆ, ಗುಲಗಂಜಿ, ಕಾಸರಕ ಇವನ್ನೂ ಮೊದಲ ತಿಂಗಳಲ್ಲೇ ಎಲ್ಲರಿಗೂ ತೋರಿಸಿ. ಮದ್ದಿನ ಗಿಡಕ್ಕಿಂತ ಮೊದಲು ವಿಷದ ಗಿಡ ಕಲಿಯಬೇಕು.

ನೆಡುವುದು

ಬರೆ ಹಿಡಿಯಲು ಲಾವಂಚಕ್ಕಿಂತ ಮೇಲಾದ ಹುಲ್ಲಿಲ್ಲ. ಒಳ್ಳೆಯ ಮಣ್ಣಿನಲ್ಲಿ ಬೇರು ಹತ್ತು ಅಡಿ ತನಕ ನೇರ ಇಳಿಯುತ್ತದೆ. ಅದರ ಬೇರೇ ಮದ್ದು, ಅದಕ್ಕೇ ಬೆಲೆ. ನಮ್ಮ ಕಟ್ಟು ಮುರಿಯುವ ಆಸೆ ಹುಟ್ಟುವುದು ಇಲ್ಲಿಯೇ. ಬರೆಯ ಮೇಲಿನ ಲಾವಂಚದ ಬೇರನ್ನು ಎಂದೂ ಕೀಳಬೇಡಿ. ಬೇರು ಬೇಕಿದ್ದರೆ ಅಂಗಳದ ಬದಿಯಲ್ಲಿ ಮರಳು ಮಿಶ್ರಿತ ಮಣ್ಣು ತುಂಬಿದ ದೊಡ್ಡ ಚೀಲಗಳಲ್ಲಿ ಬೇರೆಯಾಗಿ ಬೆಳೆಸಿ. ಒಂದೂವರೆ ವರ್ಷಕ್ಕೆ ಚೀಲ ಸೀಳಿದರೆ ಬೇರು ಪೂರ್ತಿ ಕೈಗೆ ಬರುತ್ತದೆ.

ಫೆಬ್ರವರಿ, ಮಾರ್ಚ್‌ನಲ್ಲಿ ಬುಡ ಬಿಡಿಸಿ, ಎರಡು ಮೂರು ಕಂದು (ಬುಡದಿಂದ ಒಡೆದ ಮರಿ) ಸೇರಿದಂತೆ ಬೇರ್ಪಡಿಸಿ. ಮೇಲಿನ ಎಲೆಯನ್ನು ಒಂದು ಗೇಣಿಗೆ, ಬೇರನ್ನು ಮೂರು ನಾಲ್ಕು ಇಂಚಿಗೆ ಕತ್ತರಿಸಿ, ಸಣ್ಣ ಚೀಲದಲ್ಲಿ ನೆಟ್ಟು ನೀರು ಕೊಡಿ. ಮೇ ಕೊನೆ, ಜೂನ್ ಮೊದಲ ಮಳೆಗೆ ಬರೆಗೆ ಸಾಗಿಸಿ. ಜುಲೈ ನಡುವಿನ ದೊಡ್ಡ ಮಳೆಗೆ ಮೊದಲು ಆರು ವಾರವಾದರೂ ಬೇರಿಗೆ ಸಮಯ ಸಿಗಬೇಕು. ಜುಲೈಯಲ್ಲಿ ನೆಟ್ಟದ್ದು ಬಹುಪಾಲು ಮಣ್ಣಿನ ಜೊತೆಗೇ ಕೆಳಗಿಳಿಯುತ್ತದೆ.

ಸಾಲು ಸಮಮಟ್ಟದಲ್ಲಿರಬೇಕು. ಕಣ್ಣಂದಾಜು ಇಲ್ಲಿ ನಡೆಯದು. ಆರು ಅಡಿಯ ಎರಡು ಬಿದಿರು ಗಳ, ಮಧ್ಯಕ್ಕೆ ಒಂದು ಅಡ್ಡಪಟ್ಟಿ ಕಟ್ಟಿ ಇಂಗ್ಲಿಷಿನ ಎ ಅಕ್ಷರದಂತೆ ಮಾಡಿ, ತುದಿಯಿಂದ ಕಲ್ಲು ಕಟ್ಟಿದ ದಾರ ಇಳಿಬಿಡಿ. ನೆಲದ ಮೇಲೆ ನಿಲ್ಲಿಸಿ ಎರಡು ಕಾಲೂ ಊರಿದ ಜಾಗಕ್ಕೆ ಗೂಟ ಹೊಡೆದು, ದಾರ ಅಡ್ಡಪಟ್ಟಿಯನ್ನು ದಾಟುವಲ್ಲಿ ಗೆರೆ ಹಾಕಿ. ಈಗ ಕಾಲುಗಳನ್ನು ಅದಲುಬದಲು ಮಾಡಿ ಅದೇ ಗೂಟಗಳ ಬಳಿ ನಿಲ್ಲಿಸಿ, ಮತ್ತೊಂದು ಗೆರೆ ಹಾಕಿ. ಎರಡು ಗೆರೆಗಳ ನಟ್ಟನಡುವೆ ಹಾಕುವ ಮೂರನೆಯ ಗೆರೆಯೇ ಮಟ್ಟ. ಬರೆಯ ಮೇಲೆ ಒಂದು ಕಾಲು ಊರಿ, ದಾರ ಆ ನಡುಗೆರೆಗೆ ಬರುವವರೆಗೆ ಇನ್ನೊಂದು ಕಾಲನ್ನು ಮೇಲೆ ಕೆಳಗೆ ಸರಿಸಿ, ಅಲ್ಲಿ ಗೂಟ. ಹೀಗೆ ಹೆಜ್ಜೆ ಹಾಕುತ್ತ ಹೋದರೆ ಸಾಲು ಸಿದ್ಧ. ಗಾಳಿ ಬೀಸುವ ಹೊತ್ತಿನಲ್ಲಿ ಮಾಡಬೇಡಿ, ದಾರ ಅಲುಗಿ ಮಟ್ಟ ತಪ್ಪುತ್ತದೆ.

ಸಾಲಿನಿಂದ ಸಾಲಿಗೆ ನೇರ ಎತ್ತರದ ಲೆಕ್ಕದಲ್ಲಿ ನಾಲ್ಕೈದು ಅಡಿ. ಸಾಲಿನೊಳಗೆ ಗಿಡದಿಂದ ಗಿಡಕ್ಕೆ ಐದು ಇಂಚು. ನೂರು ಅಡಿ ಸಾಲಿಗೆ ಸುಮಾರು 240 ಗಿಡ ಬೇಕು. ಕಂದು ಉಳಿಸಲೆಂದು ಒಂದು ಅಡಿಗೊಂದು ನೆಟ್ಟರೆ ನೀರು ನಡುವಿನ ಸಂದಿಗೆ ನುಗ್ಗಿ ಅಲ್ಲೇ ಕೊರಕಲು ಮಾಡುತ್ತದೆ. ಎರಡು ಸಾಲು ವಿರಳವಾಗಿ ನೆಡುವುದಕ್ಕಿಂತ ಒಂದು ಸಾಲು ಒತ್ತಾಗಿ ನೆಡುವುದು ಮೇಲು. ಒಂದು ತಿಂಗಳೊಳಗೆ ಸತ್ತ ಗಿಡದ ಜಾಗ ತುಂಬಿ. ಲಾವಂಚಕ್ಕೆ ಬಿಸಿಲು ಬೇಕು, ಮರದ ದಟ್ಟ ನೆರಳಲ್ಲಿ ಸೊರಗುತ್ತದೆ. ಜಾರಿದ ಬರೆ ಬೋಳಾಗಿರುವುದರಿಂದ ಆರಂಭದಲ್ಲಿ ತೊಂದರೆಯಿಲ್ಲ. ಮುಂದೆ ನೆರಳು ಮರ ಬೆಳೆದಾಗ ಮರಗಸಿ ಮಾಡಿಸುತ್ತ, ಅಂದರೆ ಕೊಂಬೆ ಸವರಿಸುತ್ತ, ಇರಬೇಕು.

ಲಾವಂಚದ ಸಾಲುಗಳ ನಡುವೆ ಎಲೆಮದ್ದು. ಆಡುಸೋಗೆಗೆ ಬಲಿತ ಕಡ್ಡಿ, ಮೂರು ನಾಲ್ಕು ಗೆಣ್ಣು, ಒಂದು ಗೇಣು ಉದ್ದ. ಎರಡು ಗೆಣ್ಣು ಮಣ್ಣೊಳಗೆ, ಎರಡು ಅಡಿ ಅಂತರ. ಎಲೆ ಕಹಿಯಾದ್ದರಿಂದ ದನ, ಆಡು ಬಾಯಿ ಹಾಕುವುದಿಲ್ಲ, ಬೇಲಿಗೂ ಆಗುತ್ತದೆ. ಲಕ್ಕಿಯನ್ನೂ ಹೀಗೇ ಕಡ್ಡಿಯಿಂದ, ಮೂರು ಅಡಿಗೊಂದರಂತೆ. ಗುಂಡಿ ದೊಡ್ಡದು ಬೇಡ. ಹಾರೆಯಿಂದ ಅರ್ಧ ಅಡಿ ತೂತು, ಒಂದು ಬೊಗಸೆ ಕಾಂಪೋಸ್ಟ್ ಸಾಕು. ಅಡಿಮಣ್ಣಿನಲ್ಲಿ ಸಾರವೇ ಇಲ್ಲದಿರುವುದರಿಂದ ಮೊದಲ ಮಳೆಗೇ ನಡುವೆ ಅಲಸಂದೆ ಚೆಲ್ಲಿ, ಹೂ ಬರುವ ಮುನ್ನ ಕತ್ತರಿಸಿ ಅಲ್ಲೇ ಹಾಸಿಬಿಡಿ, ಬುಡ ಕೀಳಬೇಡಿ. ಸುಣ್ಣ ಎಷ್ಟು ಬೇಕೆಂಬುದನ್ನು ಮಣ್ಣು ಪರೀಕ್ಷೆ ಮಾಡಿಸಿಯೇ ತೀರ್ಮಾನಿಸಿ.

ಬರೆಯ ಬುಡದಲ್ಲಿ, ಕೊಲ್ಲಿಯ ಅಂಚಿನ ತಂಪು ನೆರಳಲ್ಲಿ ಮದ್ದುಸೊಪ್ಪು. ಕೊಡವರ ಕಕ್ಕಡ ತಿಂಗಳ 18ಕ್ಕೆ, ಅಂದರೆ ಆಗಸ್ಟ್ 3ರ ಆಸುಪಾಸಿಗೆ, ಕೊಡಗಿನ ಮನೆಮನೆಯಲ್ಲೂ ಬೇಯುವ, ಪಾಯಸಕ್ಕೆ ಕಡುನೇರಳೆ ಬಣ್ಣ ಕೊಡುವ ಸೊಪ್ಪು. ನಾಲ್ಕೈದು ಇಂಚಿನ ಎಳೆ ಕಡ್ಡಿ ಊರಿದರೂ ಬೇರು ಬಿಡುತ್ತದೆ. ಆ ವಾರ ಸೊಪ್ಪಿನ ಕಟ್ಟಿಗೆ ಪೇಟೆಯಲ್ಲಿ ಗಿರಾಕಿ ತಾನಾಗಿ ಬರುತ್ತಾರೆ. ಮೊದಲ ಬಾರಿ ತಿನ್ನುವವರಿಗೆ ಮರುದಿನ ಮೂತ್ರ ಕೆಂಪಾದೀತೆಂದು ಹೇಳಿಯೇ ಕೊಡಿ, ಇಲ್ಲದಿದ್ದರೆ ಗಾಬರಿಯಾಗುತ್ತಾರೆ.

ಬೇರಿನ ಮದ್ದುಗಳಿಗೆ ಸಮತಟ್ಟು ಜಾಗವಷ್ಟೇ. ಹೂಳು ತುಂಬಿ ಭತ್ತ ಬಿಟ್ಟ ಜೌಗು ಗದ್ದೆಯಲ್ಲಿ ಬಜೆ ಚೆನ್ನಾಗಿ ಬರುತ್ತದೆ. ಗೆಡ್ಡೆಯ ತುಂಡನ್ನು ಒಂದು ಅಡಿ ಅಂತರದಲ್ಲಿ ಊರಿದರೆ ವರ್ಷಕ್ಕೆ ಕೊಯ್ಲು.

ಕೊಯ್ಯುವುದು, ಒಣಗಿಸುವುದು

ಹೆಚ್ಚು ಮಾಲು ಹಾಳಾಗುವುದು ಈ ಹಂತದಲ್ಲಿ. ಕೊಡಗಿನಲ್ಲಿ ಕೂಡಿಡುವ ಎಲೆಯನ್ನು ಜೂನ್‌ನಿಂದ ಸೆಪ್ಟೆಂಬರ್ ತನಕ ಕೊಯ್ಯಲೇಬಾರದು, ಒಣಗುವುದೇ ಇಲ್ಲ. ಅಕ್ಟೋಬರ್ ಕೊನೆಯಿಂದ ಮೇ ತನಕ, ಮಂಜು ಆರಿದ ಮೇಲೆ, ಬೆಳಿಗ್ಗೆ ಹತ್ತರ ನಂತರ ಕೊಯ್ಯಿರಿ. ಒಂದು ಗಿಡದಿಂದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಎಲೆ ತೆಗೆಯಬೇಡಿ.

ಪಕ್ಕದ ಕಾಫಿ, ಮೆಣಸಿಗೆ ಬೋರ್ಡೋ ದ್ರಾವಣವೋ ಕಳೆನಾಶಕವೋ ಹೊಡೆದಿದ್ದರೆ ಆ ಎಲೆ ಮದ್ದಿಗೆ ಬೇಡ. ಸಿಂಪಡಣೆಯ ತಾರೀಕನ್ನು ಪಕ್ಕದ ತೋಟದವರಿಂದ ಕೇಳಿ ಪುಸ್ತಕದಲ್ಲಿ ಬರೆದಿಡಿ. ಒಂದೆಲಗವನ್ನು ರಸ್ತೆ ಬದಿಯ ಚರಂಡಿಯಿಂದ ಎಂದೂ ಕೀಳಬೇಡಿ, ನೆಲದ ಕೊಳೆಯನ್ನೆಲ್ಲ ಹೀರಿಕೊಂಡಿರುತ್ತದೆ.

ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲದ ಮರದ ಚೌಕಟ್ಟಿಗೆ ನೈಲಾನ್ ಜಾಲರಿ ಬಡಿದು, ಒಂದರ ಮೇಲೊಂದು ಒಂದು ಅಡಿ ಅಂತರದಲ್ಲಿ ಜೋಡಿಸಿ. ಎಲೆ ಒಂದೇ ಪದರವಾಗಿ ಹರಡಿ, ದಿನಕ್ಕೆರಡು ಬಾರಿ ಮಗುಚಿ. ನೇರ ಬಿಸಿಲು ಬೇಡ, ಗಾಳಿ ಬೇಕು. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಬೇಗ ಒಣಗುತ್ತದೆ ನಿಜ, ಆದರೆ ಹೊಗೆವಾಸನೆ ಹಿಡಿದ ಎಲೆಯನ್ನು ಕೊಳ್ಳುವವರು ತಿರಸ್ಕರಿಸುತ್ತಾರೆ. ನಾಲ್ಕರಿಂದ ಆರು ದಿನದಲ್ಲಿ ಎಲೆ ಅಂಗೈಯಲ್ಲಿ ಪುಡಿಯಾಗಬೇಕು, ತೊಟ್ಟು ಟಕ್ಕೆಂದು ಮುರಿಯಬೇಕು. ಎಲೆ ಪುಡಿಯಾದರೂ ತೊಟ್ಟು ಬಾಗಿದರೆ ಇನ್ನೂ ನೀರಿದೆ. ಅನುಮಾನವಿದ್ದರೆ ತೂಗಿ, ಮರುದಿನ ಮತ್ತೆ ತೂಗಿ. ತೂಕ ಇಳಿಯದಿದ್ದರೆ ಒಣಗಿದೆ. ಐದು ಕಿಲೋ ಹಸಿ ಎಲೆಗೆ ಹೆಚ್ಚುಕಡಿಮೆ ಒಂದು ಕಿಲೋ ಒಣ ಎಲೆ ಸಿಗುತ್ತದೆ.

ಗಾಳಿಯಾಡದ ಸ್ಟೀಲ್ ಡಬ್ಬಿಯಲ್ಲಿ ತುಂಬಿ ಗಿಡದ ಹೆಸರು, ಕೊಯ್ದ ತಾರೀಕು, ಜಾಗ ಬರೆದು ಅಂಟಿಸಿ. ತಿಂಗಳಿಗೊಮ್ಮೆ ತೆರೆದು ಮೂಸಿ. ಬೂಸ್ಟು ಕಂಡರೆ ಡಬ್ಬಿ ಪೂರ್ತಿ ಗೊಬ್ಬರದ ಗುಂಡಿಗೆ. ಮತ್ತೆ ಬಿಸಿಲಿಗೆ ಹಾಕಿ ಬಳಸುವವರಿದ್ದಾರೆ. ಬಿಸಿಲಿಗೆ ಬೂಸ್ಟು ಕಾಣದಂತಾದೀತು, ಅದು ಬಿಟ್ಟ ವಿಷ ಉಳಿದೇ ಇರುತ್ತದೆ.

ಮದ್ದು ಮಾಡುವುದನ್ನು ಕಲಿಯುವುದು

ಮೈಗೆ ಹಚ್ಚುವುದರಿಂದ ಆರಂಭಿಸಿ, ಹೊಟ್ಟೆಗೆ ಹೋಗುವುದು ಆಮೇಲೆ. ಗರುಗದ ಸೊಪ್ಪಿನ ತಲೆ ಎಣ್ಣೆ ಕೈಪಳಗಲು ಒಳ್ಳೆಯದು. ಆಯುರ್ವೇದದ ಲೆಕ್ಕ ಒಂದು, ನಾಲ್ಕು, ಹದಿನಾರು: ನುಣ್ಣಗೆ ಅರೆದ ಸೊಪ್ಪು 100 ಗ್ರಾಂ, ಕೊಬ್ಬರಿ ಎಣ್ಣೆ 400 ಮಿಲಿ, ಸೊಪ್ಪಿನ ರಸ 1,600 ಮಿಲಿ. ಐದಾರು ಲೀಟರ್ ಹಿಡಿಯುವ ದಪ್ಪತಳದ ಪಾತ್ರೆ ಬೇಕು, ಏಕೆಂದರೆ ಕೊನೆಯಲ್ಲಿ ನೊರೆ ಉಕ್ಕುತ್ತದೆ. ಸಣ್ಣ ಉರಿ, ತಳ ಹಿಡಿಯದಂತೆ ಸೌಟು ಆಡಿಸುತ್ತಿರಬೇಕು. ನೀರು ಆರುತ್ತ ಬಂದಾಗ ತಳದ ಚರಟ ತೆಗೆದು ಬೆರಳಲ್ಲಿ ಹೊಸೆಯಿರಿ. ಬತ್ತಿಯಂತೆ ಉರುಳಬೇಕು, ಬೆಂಕಿಗೆ ಹಿಡಿದರೆ ಚಟಪಟ ಎನ್ನದೆ ಉರಿಯಬೇಕು. ಚಟಪಟ ಎಂದರೆ ಒಳಗೆ ನೀರಿದೆ, ಆ ಎಣ್ಣೆ ತಿಂಗಳೊಳಗೆ ಕಮಟು ಹಿಡಿಯುತ್ತದೆ. ಬತ್ತಿ ಆಗದೆ ಮರಳಿನಂತೆ ಉದುರಿ ಕಪ್ಪಾಗಿದ್ದರೆ ಸೀದಿದೆ. ಬಿಸಿ ಇರುವಾಗಲೇ ಸೋಸಿ, ಪೂರ್ತಿ ಆರಿದ ಮೇಲೆ ಮುಚ್ಚಳ ಹಾಕಿ.

ಕಷಾಯಕ್ಕೆ ಎಳೆಯ, ಮೃದುವಾದ ವಸ್ತುವಿಗೆ ನಾಲ್ಕು ಪಟ್ಟು ನೀರು, ಮಧ್ಯಮಕ್ಕೆ ಎಂಟು, ಗಟ್ಟಿ ಬೇರು ತೊಗಟೆಗೆ ಹದಿನಾರು. ಕಾಲುಭಾಗಕ್ಕೆ ಇಳಿಸಬೇಕು. ಒಣಶುಂಠಿ, ಕರಿಮೆಣಸಿನಂಥ ಅಡುಗೆಮನೆಯ ವಸ್ತುವಿನಲ್ಲಿ ಅಭ್ಯಾಸ ಮಾಡಿ. ಇಪ್ಪತ್ತು ಗ್ರಾಂ ತರಿಪುಡಿಗೆ 160 ಮಿಲಿ ನೀರು ಹಾಕಿದರೆ 40 ಮಿಲಿ ಉಳಿಯಬೇಕು. ಪಾತ್ರೆಗೆ ಮೊದಲೇ 40 ಮಿಲಿ ನೀರು ಹಾಕಿ ಕಡ್ಡಿ ಅದ್ದಿ ಗುರುತು ಮಾಡಿಟ್ಟುಕೊಂಡರೆ ಅಂದಾಜು ತಪ್ಪುವುದಿಲ್ಲ. ಕಷಾಯ ಆ ದಿನಕ್ಕಷ್ಟೇ, ಮರುದಿನಕ್ಕೆ ಇಡಬೇಡಿ. ಯಾರಿಗೆ, ಎಷ್ಟು, ಎಷ್ಟು ದಿನ ಎಂಬುದನ್ನು ವೈದ್ಯರು ಹೇಳಬೇಕು, ಕೂಟವಲ್ಲ.

ಆಡುಸೋಗೆ ಗರ್ಭಕೋಶವನ್ನು ಕೆರಳಿಸುತ್ತದೆ, ಬಸುರಿಯರಿಗೆ ಕೂಡದು. ಅಮೃತಬಳ್ಳಿಯನ್ನು ತಿಂಗಳುಗಟ್ಟಲೆ ತಾವಾಗಿ ಕುಡಿದವರಲ್ಲಿ ಯಕೃತ್ತಿಗೆ ಪೆಟ್ಟಾದ ವರದಿಗಳಿವೆ. ಎಳೆಮಗುವಿಗೆ ಬಜೆ ತೇಯ್ದು ನೆಕ್ಕಿಸುವ ರೂಢಿ ಬಿಡಿ. ಆರು ತಿಂಗಳವರೆಗೆ ಮಗುವಿಗೆ ಎದೆಹಾಲಲ್ಲದೆ ಬೇರೇನೂ ಬೇಡ. ಹಾವು ಕಚ್ಚಿದರೆ ಸೊಪ್ಪು ಹುಡುಕುತ್ತ ನಿಲ್ಲಬೇಡಿ, ಪ್ರತಿವಿಷವಿರುವ ಆಸ್ಪತ್ರೆಗೆ ನೇರ ಹೋಗಿ. ಮಳೆಗಾಲದಲ್ಲಿ ಗದ್ದೆ, ತೋಟದಲ್ಲಿ ದುಡಿಯುವವರಿಗೆ ಮೈಕೈ ನೋವಿನ ಜ್ವರ ಬಂದು ಕಣ್ಣು ಕೆಂಪಾಗುವುದೋ ಹಳದಿಯಾಗುವುದೋ ಆದರೆ ಅದು ಇಲಿಜ್ವರವಿರಬಹುದು. ಕಷಾಯ ಕುಡಿದು ಕಾಯುವ ಎರಡು ದಿನದಲ್ಲಿ ಮೂತ್ರಪಿಂಡ ಕೆಡಬಹುದು. ಈ ಸಾಲುಗಳನ್ನು ಕೂಟದ ಪುಸ್ತಕದ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆಯಿರಿ.

ಕಾಡು, ಕಾನೂನು, ಮಾರಾಟ

ಮೀಸಲು ಅರಣ್ಯ, ವನ್ಯಧಾಮದಿಂದ ಅನುಮತಿಯಿಲ್ಲದೆ ಗಿಡ, ಬೇರು ತರುವಂತಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಹಕ್ಕು ಪಡೆದ ಕಾಡಿನ ಜನರಿಗಿರುವ ಕಿರು ಅರಣ್ಯ ಉತ್ಪನ್ನದ ಹಕ್ಕು ಅವರದು, ತೋಟದವರದಲ್ಲ. ದೇವರಕಾಡಿನಿಂದಲೂ ಏನೂ ಬೇಡ. ನಾಟಿಗೆ ಬೇಕಾದ ಕಡ್ಡಿ, ಕಂದನ್ನು ನರ್ಸರಿಯಿಂದಲೋ ಮತ್ತೊಬ್ಬರ ತೋಟದಿಂದಲೋ ತನ್ನಿ. ಮರಅರಿಶಿನದಂಥ ಗಿಡಗಳು ಬೇರು ಕಾಂಡ ಕಿತ್ತೇ ಅಳಿವಿನಂಚಿಗೆ ಬಂದಿವೆ.

ಒಣ ಎಲೆಯನ್ನು ಕಚ್ಚಾ ಮಾಲಾಗಿ ಮಾರುವುದು ಬೇರೆ, ಅದೇ ಎಲೆಯ ಎಣ್ಣೆ, ಪುಡಿಯ ಮೇಲೆ ರೋಗದ ಹೆಸರು ಬರೆದು ಮದ್ದೆಂದು ಮಾರುವುದು ಬೇರೆ. ಎರಡನೆಯದಕ್ಕೆ 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯಡಿ ತಯಾರಿಕೆಯ ಪರವಾನಗಿ ಬೇಕು. ಕೂಟದಲ್ಲಿ ಮಾಡಿದ ಎಣ್ಣೆ ಕೂಟದ ಮನೆಗಳಿಗಷ್ಟೇ ಇರಲಿ.

ಮೊದಲ ಎರಡು ವರ್ಷ ಒಣ ಎಲೆಗಿಂತ ಗಿಡ ಮಾರುವುದರಲ್ಲೇ ಹೆಚ್ಚು ಕಾಸು. ಲಾವಂಚದ ಕಂದು, ಆಡುಸೋಗೆ, ಮದ್ದುಸೊಪ್ಪಿನ ಸಸಿ ಚೀಲಗಳು ಬರೆ ಜಾರಿದ ಬೇರೆ ತೋಟದವರಿಗೂ ಬೇಕಾಗಿರುತ್ತವೆ. ಒಣ ಎಲೆಯನ್ನು ನೂರು ಕಿಲೋ ಬೆಳೆಯುವ ಮುನ್ನ ಒಂದು ಕಿಲೋ ಮಾದರಿ ಕೊಳ್ಳುವವರಿಗೆ ಕಳುಹಿಸಿ, ಬೇಕೇ, ಎಷ್ಟು ಬೇಕು, ಯಾವ ತೇವಾಂಶಕ್ಕೆ ಬೇಕು ಎಂದು ಬರವಣಿಗೆಯಲ್ಲಿ ಪಡೆಯಿರಿ. ಬಂದ ಹಣದಲ್ಲಿ ಮೊದಲ ಪಾಲು ಬರೆ ಜಾರಿದ ಮನೆಯವರ ಚರಂಡಿ ಮತ್ತು ನಾಟಿಗೆ, ಉಳಿದದ್ದು ದುಡಿದ ದಿನಗಳ ಲೆಕ್ಕದಲ್ಲಿ ಹಂಚಿಕೆ. ಈ ಲೆಕ್ಕವನ್ನು ಪ್ರತಿ ಸಭೆಯಲ್ಲೂ ಗಟ್ಟಿಯಾಗಿ ಓದಿ ಹೇಳಿ, ಹಾಜರಿದ್ದವರ ರುಜು ಹಾಕಿಸಿ.